ಒಂದನೇ ನಂಬರ್ ಮನೆಯ ಗೋಡೆ

ಸರಸ್ವತಿ ನಗರದ ನಮ್ಮ ಮನೆಯಿಂದ ಎರಡು ಓಣಿ ದಾಟಿದರೆ ಒಂದು ಕುಲುಮೆ ಇದೆ. ಮಚ್ಚು, ಕುಡುಗೋಲು ಹದ ಮಾಡಿಕೊಡುವವರು ಬೆಳಿಗ್ಗೆ ಎಂಟಕ್ಕೆಲ್ಲ ಕಲ್ಲಿದ್ದಲು ಹೊತ್ತಿಸುತ್ತಾರೆ. ಆ ಹೊಗೆ ತೇಲಿ ಬಂದರೆ ಅಕ್ಕಪಕ್ಕದವರು ಬೈದುಕೊಂಡು ಕಿಟಕಿ ಹಾಕುತ್ತಾರೆ. ನಾನು ತೆಗೆದು ನಿಲ್ಲುತ್ತೇನೆ. "ಏನ್ ಅತ್ತರ್ ಬಂದಂಗೆ ಮೂಸ್ತೀಯಲ್ಲೇ" ಎಂದು ನಮ್ಮ ಯಜಮಾನರು ರೇಗಿಸುತ್ತಾರೆ. ರೇಗಿಸಲಿ, ಪಾಪ. ಅವರ ಮೂಗಿಗೂ ಆ ವಾಸನೆ ಬೇಕು, ಹೇಳಿಕೊಳ್ಳುವ ಗಂಡಸಲ್ಲ ಅಷ್ಟೆ.

ಹೋದ ತಿಂಗಳು ಹಾಗೆ ಕಿಟಕಿಯಲ್ಲಿ ನಿಂತಿದ್ದಾಗ ಮಗಳ ಫೋನು ಬಂತು. ನಮ್ಮ ಶೈಲಾ ಹರಿಹರದ ಬಸ್ಸಿನಲ್ಲಿ ಕಂಡಕ್ಟರು. ಅವಳ ಗಂಟಲಿಗೆ ಫೋನು ಬೇಕಾಗಿಯೇ ಇಲ್ಲ. ದಾರಿಯಲ್ಲಿ ಸಿಗುವ ಬಾತಿ ಊರಲ್ಲಿ ನಿಂತು "ಹರಿಹರ ಹರಿಹರ ಹರಿಹರ" ಎಂದರೆ ಹೊಳೆಯ ಆಚೆ ದಡದವರೂ ಎದ್ದು ಬರಬೇಕು.

"ಅಮ್ಮಾ, ಬಾತಿ ಸ್ಟಾಪಲ್ಲಿ ಒಬ್ರು ವಯಸ್ಸಾದೋರು ಹತ್ತಿದ್ರು. ಪಕ್ಕದ ಸೀಟಿನೋರಿಗೆ ಮಿಲ್ಲಿನ ಸುದ್ದಿ ಹೇಳ್ತಿದ್ರು. ಬಾಯ್ಲರ್ ಕೆಲ್ಸ ಮಾಡ್ತಿದ್ರಂತೆ. ಹೆಸ್ರು ಕೇಳಿದ್ರೆ ಕೊಟ್ರಪ್ಪ ಅಂದ್ರು. ಅವ್ರೇ ಏನಮ್ಮಾ ಇವ್ರು?"

ನಾನು ಕಿಟಕಿ ಬಿಟ್ಟು ಬಂದು ಕುರ್ಚಿಯ ಮೇಲೆ ಕೂತೆ. ಮೂವತ್ತು ವರ್ಷದ ಮೇಲಾಗಿತ್ತು ಆ ಹೆಸರು ಇನ್ನೊಬ್ಬರ ಬಾಯಲ್ಲಿ ಕೇಳಿ. "ಅವ್ರೇ ಕಣೇ. ಮನೆ ಎಲ್ಲಿ ಅಂತ ಕೇಳ್ಕೊಂಡು ಬಾ" ಎಂದೆ. "ಕೇಳ್ದೆ. ಬಾತೀಲೇ ಐತಂತೆ. ಭಾನುವಾರ ಹೋಗಣ" ಎಂದಳು. ಭಾನುವಾರಕ್ಕೆ ಇನ್ನೂ ನಾಲ್ಕು ದಿನ ಇತ್ತು. ಆ ನಾಲ್ಕು ದಿನ ನಾನು ಸಾರಿಗೆ ಉಪ್ಪು ಹಾಕಿದೆನೋ ಬಿಟ್ಟೆನೋ, ತಿಂದವರನ್ನೇ ಕೇಳಬೇಕು. ಮನಸ್ಸು ಪೂರ್ತಿ ಆ ಒಂದು ಚಳಿಗಾಲಕ್ಕೆ ಹೋಗಿ ಕೂತಿತ್ತು.

ನಮ್ಮದು ಹತ್ತಿ ಮಿಲ್ಲು. ಊರ ಹೊರಗಿನ ಕರಿ ಹೊಲದಲ್ಲಿ ಸಾವುಕಾರರೊಬ್ಬರು ಚಿಮಣಿ ಎಬ್ಬಿಸಿದ್ದು ನಮ್ಮ ಮಾವನವರ ಕಾಲಕ್ಕಂತೆ. ಮೊದಲು ಚಿಮಣಿ, ಆಮೇಲೆ ಮಗ್ಗದ ಶೆಡ್ಡುಗಳು, ಆಮೇಲೆ ಕೆಲಸದವರಿಗೆ ಲೈನು ಮನೆಗಳು. ಜನ ಬಂದ ಮೇಲೆ ಶಾಲೆ ಬಂತು, ದವಾಖಾನೆ ಬಂತು, ಒಂದು ಗುಡಿ, ಒಂದು ಮಸೀದಿ ಬಂದವು. ಗೂಡ್ಸ್ ರೈಲಿನಲ್ಲಿ ಎಲ್ಲಿಂದಲೋ ಕಲ್ಲಿದ್ದಲು ಬರುತ್ತಿತ್ತು. ಅದು ಬಾಯ್ಲರಿಗೆ ಬಿದ್ದು ಉಗಿಯಾಗಿ ಸೈಜಿಂಗ್ ಖಾತೆಗೆ ಹೋಗುತ್ತಿತ್ತು. ಅಲ್ಲಿ ನೂಲಿಗೆ ಗಂಜಿ ಕುಡಿಸಿ ಒಣಗಿಸುತ್ತಿದ್ದರು. ನಮ್ಮ ಯಜಮಾನರ ಕೆಲಸ ಅಲ್ಲೇ. ಹಾಗಾಗಿ ನಮ್ಮ ಲೈನಿಗೆ ಎರಡೇ ವಾಸನೆ, ಬೇಯುವ ಗಂಜಿಯದು ಮತ್ತು ಇದ್ದಲಿನ ಹೊಗೆಯದು. ಬಿಳಿ ಸೀರೆ ಒಣಗಹಾಕಿದರೆ ಸಂಜೆಗೆ ಬೂದು ಸೀರೆ ತೆಗೆದುಕೊಳ್ಳಬೇಕಿತ್ತು.

ಆ ಲೈನಿನಲ್ಲಿ ಒಂದನೇ ನಂಬರ್ ಮನೆ ಅಂತ ಒಂದಿತ್ತು. ಬಾಯ್ಲರಿನ ಹೊಗೆ ಚಿಮಣಿಗೆ ಹೋಗುವ ಕಾಲುವೆ ಅದರ ಹಿಂದಿನ ಗೋಡೆಗೆ ತಾಗಿಕೊಂಡೇ ಹೋಗುತ್ತಿತ್ತು. ಗೋಡೆ ಹಗಲೂ ರಾತ್ರಿ ಬೆಚ್ಚಗೆ. ಬೇಸಿಗೆಯಲ್ಲಂತೂ ಅದರೊಳಗೆ ಮನುಷ್ಯರು ಇರುವ ಹಾಗಿರಲಿಲ್ಲ, ಯಾರಿಗೆ ಕೊಟ್ಟರೂ ವಾರಕ್ಕೆ ಓಡಿಹೋಗುತ್ತಿದ್ದರು. ಕೊನೆಗೆ ಕಂಪನಿಯವರು ಅದನ್ನು ಮರೆತೇಬಿಟ್ಟರು. ಲೈನಿನ ಹೆಂಗಸರು ಮರೆಯಲಿಲ್ಲ. ಚಳಿಗಾಲದಲ್ಲಿ ಯಾರಿಗೆ ಹೆರಿಗೆಯಾದರೂ ತಾಯಿ ಮಗು ಆ ಮನೆಗೆ. ಯಾವ ಜಾತಿ, ಯಾವ ಖಾತೆ ಅಂತ ಕೇಳುವವರಿಲ್ಲ. ಮಂಚವನ್ನು ಗೋಡೆಗೆ ಒತ್ತರಿಸಿ ಹಾಕಿ, ಮಗುವನ್ನು ಗೋಡೆಯ ಕಡೆ ಮಲಗಿಸುವುದು. ಹಾಗೆ ಬೆಳೆದವರಿಗೆಲ್ಲ ಲೈನಿನಲ್ಲಿ 'ಗೋಡೆ ಕೂಸು' ಅಂತಲೇ ಹೆಸರು. ಆಳುಗಳ ಮೇಲೆ ದರ್ಬಾರು ಮಾಡುವ ದೊಡ್ಡ ಮೀಸೆಯ ಜಾಬರುಗಳನ್ನೂ ಮುದುಕಿಯರು ಹಾಗೆ ಕರೆದು ಮಾನ ಕಳೆಯುತ್ತಿದ್ದರು.

ಇನ್ನೊಂದು ರೂಢಿಯಿತ್ತು. ಬಾಯ್ಲರಿನಿಂದ ತೆಗೆದ ಬೂದಿಯನ್ನು ಹಿತ್ತಲಿನಲ್ಲಿ ಸುರಿಯುತ್ತಿದ್ದರು. ಅದರಲ್ಲಿ ಅರೆಸುಟ್ಟ ಇದ್ದಲಿನ ಚೂರು ಉಳಿದಿರುತ್ತಿತ್ತು. ಮಧ್ಯಾಹ್ನ ಹೆಂಗಸರೆಲ್ಲ ಜರಡಿ ಹಿಡಿದು ಹೋಗಿ ಅದನ್ನು ಆರಿಸಿ ತರುತ್ತಿದ್ದೆವು. ಮನೆ ಮೂಲೆಯಲ್ಲಿ ಒಂದು ಬುಟ್ಟಿ ಇದ್ದಲು ಇಲ್ಲದ ಮನೆಯೇ ಇರಲಿಲ್ಲ. ನಮ್ಮ ಅನ್ನ, ಮುದ್ದೆ, ಸ್ನಾನದ ನೀರು ಎಲ್ಲ ಅದರ ಮೇಲೇ ಆಗಬೇಕು.

ಆ ವರ್ಷ ನಾನು ಚೊಚ್ಚಲ ಬಸುರಿ. ಹೆರಿಗೆಗೆ ತವರು ಲೋಕಿಕೆರೆಗೆ ಹೋಗುವುದು ಅಂತ ಸೀರೆ ಮಡಚಿಟ್ಟಿದ್ದೆ. ಎಂಟು ತಿಂಗಳು ತುಂಬುವ ಮೊದಲೇ, ದೀಪಾವಳಿಯಾಗಿ ಹತ್ತು ದಿನಕ್ಕೆ ನೋವು ಬಂತು. ದೊಡ್ಡಾಸ್ಪತ್ರೆಯಲ್ಲಿ ಹೆರಿಗೆಯಾಯಿತು. ಮಗು ನೋಡಿದರೆ, ಅಯ್ಯೋ ಶಿವನೇ, ನನ್ನ ಅಂಗೈಯಿಂದ ಮೊಳಕೈವರೆಗೆ ಕೂಡ ಇರಲಿಲ್ಲ. ಅಳುವ ಶಕ್ತಿಯೂ ಇಲ್ಲ, ಬಾಯಿ ತೆರೆಯುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಕೆಲವು ದಿನ ಇಟ್ಟು, ಹಾಲು ಹೀರುವುದನ್ನು ಕಲಿತ ಮೇಲೆ ಕಳಿಸಿದರು. ಡಾಕ್ಟರಮ್ಮ ನನ್ನ ಗಲ್ಲ ಹಿಡಿದೇ ಹೇಳಿದರು. "ನೋಡಮ್ಮ, ಈ ಮಗುಗೆ ಔಷಧಿ ಅಂದ್ರೆ ನಿನ್ನ ಹಾಲು ಮತ್ತೆ ಬೆಚ್ಚಗಿರೋದು. ಒಂದ್ಸಲ ಮೈ ತಣ್ಣಗಾಯ್ತು ಅಂದ್ರೆ ನನ್ನ ಕೈಲೂ ಆಗಲ್ಲ. ಸಂಕ್ರಾಂತಿ ಹೊತ್ತಿಗೆ ತೂಕ ಬಂದ್ರೆ ಗೆದ್ದ ಹಾಗೆ."

ಹಾಗಾಗಿ ನಾನು ಒಂದನೇ ನಂಬರ್ ಮನೆ ಸೇರಿದೆ. ಲೋಕಿಕೆರೆಯಿಂದ ನಮ್ಮ ಅವ್ವ ಓಡಿ ಬಂದಳು. ಬಂದವಳು ಮನೆ ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಇದೇನು ಗೌರಿ, ಹೊಗೆ ಗೂಡಿನ ಬೆನ್ನಿಗೆ ಕೂಸು ಮಲಗಿಸ್ತಾರೇನು? ನಡಿ ಊರಿಗೆ." ಪಕ್ಕದ ಮನೆಯ ಜೈತುನ್‌ಬೀ ಅವಳ ಕೈ ಹಿಡಿದು ಗೋಡೆಗೆ ಒತ್ತಿದಳು. "ನೋಡ್ರಿ ಯಮ್ಮಾ, ನಿಮ್ಮ ಊರಾಗ ಇಂಥ ಗೋಡೆ ಐತೇನು? ಇದ್ರೆ ಖುಷಿಯಿಂದ ಕರ್ಕೊಂಡ್ ಹೋಗ್ರಿ." ಅವ್ವ ಇನ್ನೊಂದು ಕೈಯನ್ನೂ ಗೋಡೆಗಿಟ್ಟು ನೋಡಿದಳು. ಆಮೇಲೆ ಊರಿನ ಮಾತೆತ್ತಲಿಲ್ಲ.

ಗೋಡೆಯ ಆಚೆ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು ಕೊಟ್ರಪ್ಪಣ್ಣ. ಎತ್ತರದ ಆಳು, ಮಾತು ಕಮ್ಮಿ. ತಲೆಯಿಂದ ಪಾದದವರೆಗೆ ಮಸಿ, ಹಲ್ಲು ಮತ್ತು ಕಣ್ಣು ಮಾತ್ರ ಬಿಳಿ. ಬಾಣಂತಿ ಮನೆಗೆ ಗಂಡಸರು ಬರುವ ಹಾಗಿಲ್ಲ, ಬಂದರೂ ಅವರು ಹೊಸಿಲು ದಾಟುವವರಲ್ಲ. ಬೆಳಿಗ್ಗೆ ಅವ್ವ ಬಿಸಿನೀರಿಗೆ ಬಾಯ್ಲರ್ ಮನೆಗೆ ಹೋದಾಗ ಒಂದೇ ಮಾತು ಕೇಳುತ್ತಿದ್ದರಂತೆ.

"ಕೂಸು ಬೆಚ್ಚಗೈತಾ?"

"ಬೆಚ್ಚಗೈತೆ ಬಿಡಪ್ಪ."

ಅಷ್ಟೇ. ಕೊಡ ತುಂಬಿಸಿ ಕೊಟ್ಟು ಸಲಿಕೆ ಹಿಡಿಯುತ್ತಿದ್ದರು. ದಿನಾ ಇದೇ ಪ್ರಶ್ನೆ, ಇದೇ ಉತ್ತರ.

ಮಗುವಿಗೆ ತಿಂಗಳಾಗುವ ಹೊತ್ತಿಗೆ ಮಿಲ್ಲಿನ ಗೇಟಿಗೆ ನೋಟೀಸು ಬಿತ್ತು. ಅದಕ್ಕೂ ಮೊದಲು ಒಂದೊಂದೇ ಖಾತೆ ನಿಂತಿತ್ತು, ಗೊತ್ತಿದ್ದದ್ದೇ. ಆದರೂ ಮರುದಿನದಿಂದ ಯಾರೂ ಬರಬೇಡಿ ಎಂದು ಓದಿದಾಗ ಲೈನು ಪೂರ್ತಿ ಗೇಟಿನ ಮುಂದೆಯೇ ಕೂತುಬಿಟ್ಟಿತು. ನಮ್ಮ ಯಜಮಾನರು ಬಂದು ಹೊಸಿಲ ಹೊರಗೆ ನಿಂತು, "ಬಾಯ್ಲರೂ ಆರಿಸ್ತಾರಂತೆ" ಎಂದರು. ನನಗೆ ಮಿಲ್ಲು ಹೋಗಿದ್ದು, ಪಗಾರ ಹೋಗಿದ್ದು ಒಂದೂ ತಲೆಗೆ ಹೋಗಲಿಲ್ಲ. ನಾನು ಗೋಡೆ ನೋಡಿದೆ. ಸಂಕ್ರಾಂತಿಗೆ ಇನ್ನೂ ಐದು ವಾರ ಇತ್ತು.

ಆಫೀಸಿನಲ್ಲಿ ನಡೆದದ್ದನ್ನು ಆಮೇಲೆ ಅಲ್ಲಿದ್ದವರು ಹೇಳಿದರು. ಹೊಸ ಮ್ಯಾನೇಜರು, ಬೇರೆ ಊರಿನವರು, ಇವತ್ತೇ ಬೆಂಕಿ ತೆಗೆದುಬಿಡಿ ಎಂದರಂತೆ. ಎಂದೂ ಎದುರು ಮಾತಾಡದ ಕೊಟ್ರಪ್ಪಣ್ಣ ಕೈ ಕಟ್ಟಿ ನಿಂತು, "ಏಕ್ದಂ ಆರ್ಸೋಕೆ ಬರಲ್ಲ ಸರ್. ಒಳಗಿನ ಇಟ್ಟಿಗಿ ಬಿರೀತಾವೆ. ದಿನಾ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ತಾ ಬರ್ಬೇಕು" ಎಂದರು. "ಎಷ್ಟು ದಿನ?" "ಎಂಟು ದಿನ ಹಿಡೀತೈತೆ ಸರ್." ನಾಲ್ಕು ದಿನದ ಕೆಲಸ ಅದು, ಅವರೇ ಆಮೇಲೆ ಒಪ್ಪಿಕೊಂಡರು. ಆ ಎಂಟು ದಿನ, ಒಳಗೆ ಉಳಿದಿದ್ದ ಇದ್ದಲನ್ನೇ ಹಿಡಿಹಿಡಿಯಾಗಿ ಹಾಕುತ್ತ ಬೆಂಕಿ ಕಾಯ್ದರು. ಅಂಗಳದ ಇದ್ದಲು ಶೆಡ್ಡಿಗೆ ಕಂಪನಿ ಬೀಗ ಹಾಕಿ ಸೀಲು ಮಾಡಿತ್ತು.

ಒಂಬತ್ತನೇ ದಿನ ಬೆಳಿಗ್ಗೆ ಎಚ್ಚರವಾದಾಗ ಏನೋ ಸರಿಯಿಲ್ಲ ಅನಿಸಿತು. ಕೈ ಚಾಚಿ ಗೋಡೆ ಮುಟ್ಟಿದೆ. ತಣ್ಣಗಿತ್ತು. ಮಗುವಿನ ಪಾದ ಮುಟ್ಟಿದೆ, ಅದೂ ತಣ್ಣಗೆ. ಎದೆಗಿಟ್ಟರೆ ಹೀರಲಿಲ್ಲ. "ಅವ್ವಾ" ಎಂದು ನಾನು ಕೂಗಿದ್ದು ಮೂರನೇ ಲೈನಿಗೆ ಕೇಳಿತಂತೆ. ಅವ್ವ ಧಡಕ್ಕನೆ ಎದ್ದಳು. ಕುಪ್ಪಸ ಬಿಚ್ಚಿ, ಮಗುವನ್ನು ಬರಿ ಎದೆಗೆ ಅವುಚಿಕೊಂಡು, ಮೇಲೆ ಕಂಬಳಿ ಸುತ್ತಿ ಕೂತುಬಿಟ್ಟಳು. ಕೂತಲ್ಲೇ ಹಿಂದೆ ಮುಂದೆ ತೂಗುತ್ತ ಅವಳು ಶಿವ ಶಿವ ಎನ್ನುತ್ತಿದ್ದರೆ ನಾನು ನೋಡುತ್ತಿದ್ದೆ, ಅಷ್ಟೇ. ಅಷ್ಟು ಅಸಹಾಯಕಳಾಗಿ ನಾನು ಮತ್ತೆಂದೂ ಕೂತಿಲ್ಲ.

ಕೂಗು ಕೇಳಿ ಬಂದ ಜೈತುನ್‌ಬೀ ಗೋಡೆ ಮುಟ್ಟಿ ನೋಡಿ ಸೀದಾ ಬಾಯ್ಲರ್ ಮನೆಗೆ ನಡೆದಳು. ಕೊಟ್ರಪ್ಪಣ್ಣ ಒಲೆಯ ಬಾಯಿ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರಂತೆ. "ಒಳಗ ಹಿಡಿಯಷ್ಟು ಕೆಂಡ ಐತೆ ತಂಗಿ. ಮೇಲೆ ಹಾಕೋಕೆ ಏನೂ ಇಲ್ಲ. ಬೀಗ ಒಡೆಯಾಕ ನಂಗೆ ಮನ್ಸು ಬರ್ತಿಲ್ಲ" ಎಂದರಂತೆ.

"ಬೀಗ ಯಾಕ ಒಡೀತಿ ಅಣ್ಣಾ? ಆ ಕೆಂಡ ಮಾತ್ರ ಆರದಂಗೆ ನೋಡ್ಕೊ" ಎಂದು ಅವಳು ಲೈನಿಗೆ ವಾಪಸು ಬಂದು, ಒಂದು ಕಡೆಯಿಂದ ಬಾಗಿಲು ತಟ್ಟುತ್ತ ಹೋದಳು. "ಗೋಡೆ ತಣ್ಣಗಾಗೈತೆ. ಮೂಲ್ಯಾಗಿನ ಬುಟ್ಟಿ ತರ್ರಿ." ಎಲ್ಲ ಮನೆಗೂ ಅದೇ ಎರಡು ಮಾತು. ಮೂರನೇ ಮಾತು ಯಾರೂ ಕೇಳಲಿಲ್ಲ.

ನಾನು ಬಾಗಿಲ ಸಂದಿಯಿಂದ ನೋಡಿದೆ. ಒಬ್ಬರ ಹಿಂದೆ ಒಬ್ಬರು, ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಬಾಯ್ಲರ್ ಮನೆಗೆ ಹೋಗುತ್ತಿದ್ದರು. ಎಷ್ಟು ವರ್ಷದಿಂದ ಆ ಬಾಯ್ಲರಿನ ಬೂದಿಯಿಂದ ಆರಿಸಿ ತಂದಿದ್ದ ಇದ್ದಲು ಅದು. ಅದನ್ನೇ ತಿರುಗಿ ಅದರ ಬಾಯಿಗೆ ಹಾಕಲು ಹೊರಟಿದ್ದರು. ಅವರ ಮನೆಯ ಗಂಡಸರಿಗೂ ಕೆಲಸ ಹೋಗಿತ್ತು. ಬೇರೆ ಸೌದೆ ಕೊಳ್ಳುವ ತ್ರಾಣ ಯಾರಿಗೂ ಇರಲಿಲ್ಲ.

ಈಗ ಅವ್ವನ ಪ್ರತಾಪ ಹೇಳಬೇಕು. ನಮ್ಮ ಅವ್ವ ಮಹಾ ಮಡಿಯ ಹೆಂಗಸು, ಕೊಳೆ ಕಂಡರೆ ಆಗದು. ಹಿಂದಿನ ಸಂಜೆ ನಮ್ಮ ಮನೆಯಿಂದ ತಂದು ಮೂಲೆಯಲ್ಲಿಟ್ಟಿದ್ದ ಬುಟ್ಟಿ ನೋಡಿ, ಬಾಣಂತಿ ಮನೆಯಲ್ಲಿ ಇಷ್ಟು ಮಸಿಯೇ ಎಂದು, ಅಷ್ಟೂ ಇದ್ದಲನ್ನು ಅಕ್ಕಿ ತೊಳೆದ ಹಾಗೆ ಮೂರು ನೀರಿನಲ್ಲಿ ತೊಳೆದಿಟ್ಟಿದ್ದಳು! ಲೋಕಿಕೆರೆಯಲ್ಲಿ ಸೌದೆ, ಕುಳ್ಳು ಬಿಟ್ಟರೆ ಬೇರೆ ಉರುವಲು ಅವಳು ಕಂಡವಳಲ್ಲ. ಅವತ್ತು ಮಗು ನನ್ನ ಕೈಗೆ ಕೊಟ್ಟು ತಾನೂ ಬುಟ್ಟಿ ಹೊತ್ತು ಹೋದಳು. ನೀರು ತೊಟ್ಟಿಕ್ಕುವ ಬುಟ್ಟಿ ನೋಡಿ ಹೆಂಗಸರಿಗೆ ಅಳುವ ಹೊತ್ತಿನಲ್ಲೂ ನಗು ತಡೆಯಲಾಗಲಿಲ್ಲ. "ಇದ್ಲು ತೊಳ್ಕೊಂಡ್ ಬಂದಾರಲ್ಲೇ! ಒಗ್ಗರಣೆ ಹಾಕ್ತೀರೇನ್ರಿ ಯಮ್ಮಾ?" ಅವ್ವ ನಾಚಿ ಬುಟ್ಟಿ ಕೆಳಗಿಟ್ಟು ನಿಂತಳು. ಕೊಟ್ರಪ್ಪಣ್ಣ ನಗಲಿಲ್ಲ. ಒಂದು ಹಿಡಿ ತೆಗೆದು ಬೆರಳಲ್ಲಿ ಉಜ್ಜಿ ನೋಡಿದರು.

"ನಗಬ್ಯಾಡ್ರಿ. ಬೂದಿ ಪೂರಾ ಹೋಗೈತೆ ನೋಡ್ರಿ. ಒಣಾದು ಕೆಳಗ ಹಾಕಿ ಹತ್ತಿಸಿ, ಇಂಥ ಹಸಿ ಚೂರು ಮೇಲೆ ಹೊದಿಸಿದ್ರೆ ಬೆಂಕಿ ಅವಸರ ಮಾಡಲ್ಲ, ಇಡೀ ದಿನ ಕೂತು ಉರೀತೈತೆ. ನಾವೂ ರಜಾ ದಿನ ಹಿಂಗೇ ಮಾಡ್ತಿದ್ವಿ. ಯವ್ವಾ, ನಿಂಗೆ ಯಾರು ಹೇಳ್ಕೊಟ್ರು?"

"ಯಾರೂ ಇಲ್ಲಪ್ಪ. ಕೊಳೆ ಇತ್ತು, ತೊಳ್ದೆ" ಎಂದಳು ಅವ್ವ. ಅವತ್ತಿನಿಂದ ಲೈನಿನ ನಲ್ಲಿಯ ಹತ್ತಿರ ಹೆಂಗಸರು ಸಾಲಾಗಿ ಕೂತು ಇದ್ದಲು ತೊಳೆಯುವುದು ಶುರುವಾಯಿತು. ಮೇಲ್ವಿಚಾರಣೆ ನಮ್ಮ ಅವ್ವನದು.

ಮಧ್ಯಾಹ್ನದ ಹೊತ್ತಿಗೆ ಗೋಡೆಗೆ ಜೀವ ಬಂತು. ಸ್ವಲ್ಪ ಹೊತ್ತಿಗೆ ಮಗು ಬಾಯಿ ಆಡಿಸಿ ಹಾಲು ಹುಡುಕಿತು. ನಾನು ಗೋಡೆಗೆ ಹಣೆ ಹಚ್ಚಿ ಅತ್ತೆ.

ಆ ಬೆಂಕಿ ನಾಲ್ಕು ವಾರ ನಡೆಯಿತು. ನಡುವೆ ಒಂದು ದಿನ ಮ್ಯಾನೇಜರು ಚಿಮಣಿಯಲ್ಲಿ ಸಣ್ಣ ಹೊಗೆ ಕಂಡು ಸಿಟ್ಟಾಗಿ ಬಂದರು. ಅಂಗಳದ ಸೀಲು ನೋಡಿದರೆ ಹಾಗೇ ಇದೆ. "ಮತ್ತೆ ಏನು ಸುಡ್ತಿದ್ದೀರಿ?" ಎಂದು ಕೇಳಿದರು. "ಕಂಪನಿದು ಒಂದ್ ಚೂರೂ ಮುಟ್ಟಿಲ್ಲ ಸರ್. ಇದು ನಮ್ಮ ಹೆಣ್ಮಕ್ಕಳ ಇದ್ಲು" ಎಂದು ಕೊಟ್ರಪ್ಪಣ್ಣ ನಮ್ಮ ಬಾಗಿಲ ಕಡೆ ಕೈ ತೋರಿಸಿದರು. ಮ್ಯಾನೇಜರು ದಡದಡ ಬಂದರು. ಬಾಗಿಲಲ್ಲಿ ಅವ್ವ. "ಬರ್ರಿ. ಬೂಟು ಬಿಡ್ರಿ, ಬಾಣಂತಿ ಮನೆ" ಎಂದಳು. ಮನುಷ್ಯ ಬೂಟು ಬಿಟ್ಟರು. ಒಳಗಿನ ಮಂಚ ನೋಡಿದರು, ಬಟ್ಟೆ ಗಂಟಿನೊಳಗೆ ಇಷ್ಟೇ ಇಷ್ಟು ಮುಖ ನೋಡಿದರು, ಒಂದು ಕೈ ಗೋಡೆಯ ಮೇಲಿಟ್ಟರು. ಹೊರಗೆ ಹೋಗಿ ಬೂಟು ಹಾಕಿಕೊಂಡು, ವಾಚ್‌ಮನ್ನಿಗೆ ಕೇಳುವಂತೆ ಜೋರಾಗಿ, "ಬಾಯ್ಲರ್ ನಿಧಾನಕ್ಕೇ ಆರಿಸಬೇಕು. ಇಲ್ಲಾಂದ್ರೆ ಇಟ್ಟಿಗೆ ಬಿರಿಯುತ್ತೆ" ಎಂದರು. ಆ ಮನುಷ್ಯನನ್ನು ಊರೆಲ್ಲ ಬೈಯುತ್ತಿತ್ತು. ನಾನು ಬೈದವಳಲ್ಲ.

ಲೈನಿನ ಎಷ್ಟೋ ಮನೆಗಳಲ್ಲಿ ಆ ನಾಲ್ಕು ವಾರ ಒಂದೇ ಹೊತ್ತು ಒಲೆ ಹಚ್ಚುತ್ತಿದ್ದರು ಎನ್ನುವುದು ನನಗೆ ತಿಳಿದದ್ದು ಸಂಕ್ರಾಂತಿ ಕಳೆದ ಮೇಲೆ. ನನ್ನ ಕೂಸಿಗಾಗಿ ಹಿಂಗ್ಯಾಕೆ ಮಾಡಿದ್ರಿ ಎಂದು ಜೈತುನ್‌ಬೀಯನ್ನು ಕೇಳಿದರೆ, "ಹೋಗೇ ಹುಚ್ಚಿ, ತಂಗಳು ತಿಂದ್ರೆ ಯಾರಾದ್ರೂ ಸಾಯ್ತಾರೇನು? ಈ ಗೋಡೆ ಪಕ್ಕ ನನ್ ಮೂರೂ ಮಕ್ಳು ಮಲಗ್ಯಾವೆ" ಎಂದು ತಲೆಗೆ ಮೊಟಕಿದಳು.

ಸಂಕ್ರಾಂತಿಯ ಮರುದಿನ ಡಾಕ್ಟರಮ್ಮ ತಕ್ಕಡಿಯಲ್ಲಿ ಮಗುವನ್ನಿಟ್ಟು, ಮುಳ್ಳು ನೋಡಿ, "ಗೆದ್ಬಿಟ್ಳು ಕಣಮ್ಮ" ಎಂದರು. ತಕ್ಕಡಿಯ ತಣ್ಣನೆ ತಗಡು ತಾಗಿ ಮಗು ಅತ್ತಿತು. ಆಸ್ಪತ್ರೆಯೇ ಎದ್ದು ಕೂರುವ ಹಾಗೆ ಅತ್ತಿತು. ಆ ಗಂಟಲು ಅವತ್ತು ತೆರೆದದ್ದು ಇವತ್ತಿನವರೆಗೆ ಮುಚ್ಚಿಲ್ಲ.

ಅದೇ ಸಂಜೆ ಕೊಟ್ರಪ್ಪಣ್ಣ ಬೆಂಕಿಯನ್ನು ಆರಲು ಬಿಟ್ಟರು. ಗೋಡೆ ಪೂರ್ತಿ ತಣ್ಣಗಾಗಲು ನಿಜಕ್ಕೂ ನಾಲ್ಕು ದಿನ ಹಿಡಿಯಿತು. ಮಗುವನ್ನು ತೋರಿಸೋಣ ಎಂದು ಅವ್ವ ಅವರನ್ನು ಕರೆದಳು. ಅವರು ತಮ್ಮ ಕೈ ಎರಡೂ ನೋಡಿಕೊಂಡು, "ಈ ಕೈಯಾಗ ಬ್ಯಾಡವ್ವ. ತೊಳ್ಕೊಂಡು ನಾಮಕರಣಕ್ಕೆ ಬರ್ತೀನಿ" ಎಂದರು. ನಾಮಕರಣದ ಹೊತ್ತಿಗೆ ಅವರಿಗೆ ಹೊರರಾಜ್ಯದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಹೊರಟುಹೋಗಿದ್ದರು. ನಮ್ಮ ಯಜಮಾನರು ಹರಿಹರದ ಒಂದು ಕಾರ್ಖಾನೆ ಸೇರಿದರು. ಜೈತುನ್‌ಬೀ ಮಕ್ಕಳ ಜೊತೆ ಹುಬ್ಬಳ್ಳಿಗೆ ಹೋದಳು. ಅವ್ವ ತೀರಿಕೊಂಡು ಹನ್ನೆರಡು ವರ್ಷವಾಯಿತು. ಲೈನು ಕೆಡವಿ ಈಗ ಸೈಟು ಮಾಡಿದ್ದಾರೆ. ಒಂದನೇ ನಂಬರ್ ಮನೆ ಇದ್ದಲ್ಲಿ ಟೈಲ್ಸ್ ಅಂಗಡಿ.

ಭಾನುವಾರ ಶೈಲಾ ಡ್ಯೂಟಿ ಮುಗಿಸಿಕೊಂಡು ಖಾಕಿ ಬಟ್ಟೆಯಲ್ಲೇ ಬಂದಳು. ಬಾತಿಯಲ್ಲಿ ಇಳಿದು ಕೇಳಿಕೊಂಡು ಹೋದೆವು. ಕೊಟ್ರಪ್ಪಣ್ಣ ಮನೆ ಮುಂದಿನ ಕಟ್ಟೆಯ ಮೇಲೆ ಬಿಸಿಲು ಕಾಯುತ್ತ ಕೂತಿದ್ದರು. ಕಣ್ಣು ಮಂಜಾಗಿದೆ. ಬಿಳಿ ಪಂಚೆ, ಬಿಳಿ ಅಂಗಿ. ಅವರ ನಿಜವಾದ ಮೈಬಣ್ಣ ನಾನು ನೋಡಿದ್ದು ಅದೇ ಮೊದಲು.

"ಯಾರವ್ವ? ಕೂಡ್ರಿ."

"ನಾನು ಗೌರಿ, ಅಣ್ಣ. ಸೈಜಿಂಗ್ ಖಾತೆಯೋರ ಮನೇಳು. ಒಂದನೇ ನಂಬರ್ ಮನೆ ಕೂಸನ್ನ ಕರ್ಕೊಂಡ್ ಬಂದೀನಿ."

ಅವರು ಎರಡೂ ಕೈಗಳನ್ನು ಪಂಚೆಗೆ ಒರೆಸಿಕೊಂಡರು. ಒರೆಸಲು ಅಲ್ಲಿ ಏನೂ ಇರಲಿಲ್ಲ, ಆದರೂ ಮತ್ತೊಮ್ಮೆ ಒರೆಸಿಕೊಂಡು, ಆಮೇಲೆ ಕೈ ಚಾಚಿದರು. ಶೈಲಾ ಅವರ ಪಕ್ಕದಲ್ಲಿ ಕೂತು ತನ್ನ ಕೈಯನ್ನು ಅವರ ಕೈಯಲ್ಲಿಟ್ಟಳು. ದಿನವಿಡೀ ಟಿಕೆಟು ಹರಿದು ಒರಟಾದ ಕೈ ಅದು. ಅವರು ಅದನ್ನು ತಮ್ಮ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, ನನ್ನ ಕಡೆ ಮುಖ ತಿರುಗಿಸಿ, ಹಿಂದೆ ಅವ್ವನನ್ನು ಕೇಳುತ್ತಿದ್ದ ಹಾಗೆಯೇ ಕೇಳಿದರು.

"ಕೂಸು ಬೆಚ್ಚಗೈತಾ?"

ನಾನು ಬಾಯಿ ತೆರೆಯುವ ಮೊದಲೇ, ಇಡೀ ಬಸ್ಸಿಗೆ ಕೇಳುವ ಗಂಟಲಿನ ನನ್ನ ಮಗಳು ಮೆಲ್ಲಗೆ, ಅವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಉತ್ತರ ಕೊಟ್ಟಳು.

"ಬೆಚ್ಚಗೈತೆ ಬಿಡ್ರಿ, ಮಾವ."